ಟೊಮೇಟೊ ಎಲೆ ಅಂಗಮಾರಿ: ರೋಗನಿರೋಧಕ ತಳಿಗಳ ಬಗ್ಗೆ ಮಾಹಿತಿ

ಟೊಮೇಟೊ ಬೆಳೆಗೆ ತಗಲುವ ಶಿಲೀಂಧ್ರ ರೋಗಗಳಲ್ಲಿ ಮುಂಚಿನ ಅಂಗಮಾರಿ ಪ್ರಮುಖವಾದುದು. ಆಲ್ಟರ್ನೇರಿಯಾ ಎಂಬ ಶಿಲೀಂಧ್ರವು ಇದಕ್ಕೆ ಕಾರಣ. ಮೊದಲು ಬುಡದ ಹಳೆಯ ಎಲೆಗಳ ಮೇಲೆ ಒಂದರೊಳಗೊಂದು ಬಳೆಯಿಟ್ಟಂತಹ ಕಂದು ಚುಕ್ಕೆಗಳು ಮೂಡಿ, ಎಲೆಗಳು ಹಳದಿಯಾಗಿ ಉದುರುತ್ತವೆ.

ನಿರೋಧಕ ಗುಣವನ್ನು ಗುರುತಿಸುವ ವಿಧಾನ

ಬೇಸಾಯದ ತಳಿಗಳಲ್ಲಿ ಈ ರೋಗವನ್ನು ತಡೆಯುವ ಶಕ್ತಿ ಕಡಿಮೆ. ಆದುದರಿಂದ ವಿಜ್ಞಾನಿಗಳು ದಕ್ಷಿಣ ಅಮೆರಿಕದ ಆಂಡೀಸ್ ಪ್ರದೇಶದ ಕಾಡು ಟೊಮೇಟೊ ಪ್ರಭೇದಗಳಲ್ಲಿ ಆ ಗುಣವನ್ನು ಅರಸುತ್ತಾರೆ. ಸಸಿಗಳ ಮೇಲೆ ಶಿಲೀಂಧ್ರದ ಬೀಜಕಣಗಳನ್ನು ಸಿಂಪಡಿಸಿ, ತೇವಾಂಶದಲ್ಲಿರಿಸಿ, ಎಲೆಯ ಎಷ್ಟು ಭಾಗ ಹಾಳಾಯಿತೆಂಬುದನ್ನು ಅಳೆಯಲಾಗುತ್ತದೆ. ಆಯ್ದ ಗಿಡವನ್ನು ಬೇಸಾಯದ ತಳಿಯೊಡನೆ ಸಂಕರಗೊಳಿಸಲಾಗುತ್ತದೆ. ಕಾಡುಗಿಡದ ಸಣ್ಣ ಕಾಯಿಯಂತಹ ಬೇಡದ ಗುಣಗಳನ್ನು ಕಳೆಯಲು ಹಲವು ಪೀಳಿಗೆಗಳವರೆಗೆ ಮರುಸಂಕರಣ ಅಗತ್ಯ. ನಿರೋಧಕ ಗುಣವು ಹಲವು ವಂಶವಾಹಿಗಳನ್ನು ಅವಲಂಬಿಸಿರುವುದರಿಂದ ಈ ಕಾರ್ಯಕ್ಕೆ ವರ್ಷಗಳೇ ಹಿಡಿಯುತ್ತವೆ.

ಲಭ್ಯವಿರುವ ತಳಿ

ಬೆಂಗಳೂರಿನ ಹೆಸರಘಟ್ಟದಲ್ಲಿರುವ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ 'ಅರ್ಕಾ ರಕ್ಷಕ್' ಸಂಕರಣ ತಳಿಯು ಎಲೆ ಮುರುಟು ನಂಜುರೋಗ, ದುಂಡಾಣು ಸೊರಗು ರೋಗ ಹಾಗೂ ಮುಂಚಿನ ಅಂಗಮಾರಿ, ಈ ಮೂರಕ್ಕೂ ನಿರೋಧಕ ಶಕ್ತಿ ಹೊಂದಿದೆ.

ರೈತ ಬಾಂಧವರ ಗಮನಕ್ಕೆ

1. ನಿರೋಧಕ ತಳಿಯೆಂದರೆ ರೋಗವೇ ಬಾರದೆಂದು ಅರ್ಥವಲ್ಲ. ರೋಗದ ತೀವ್ರತೆ ತಗ್ಗುತ್ತದೆ. ರೋಗಪೀಡಿತ ಎಲೆ ಹಾಗೂ ಬೆಳೆಯ ಉಳಿಕೆಗಳನ್ನು ಹೊಲದಿಂದ ತೆಗೆದು ನಾಶಪಡಿಸಬೇಕು.
2. ಟೊಮೇಟೊ, ಆಲೂಗಡ್ಡೆ, ಬದನೆಗಳನ್ನು ಒಂದೇ ಜಮೀನಿನಲ್ಲಿ ಒಂದರ ಹಿಂದೊಂದು ಬೆಳೆಯಬಾರದು.
3. ಸಂಕರಣ ತಳಿಯ ಹಣ್ಣಿನಿಂದ ತೆಗೆದ ಬೀಜವನ್ನು ಬಿತ್ತಬಾರದು. ಮುಂದಿನ ಪೀಳಿಗೆಯ ಎಲ್ಲ ಗಿಡಗಳಲ್ಲಿ ನಿರೋಧಕ ಗುಣವು ಸಮನಾಗಿ ಉಳಿಯುವುದಿಲ್ಲ.
4. ಬೀಜ ಖರೀದಿಯ ರಸೀದಿ ಹಾಗೂ ಪೊಟ್ಟಣದ ಚೀಟಿಯನ್ನು ಬೆಳೆ ಮುಗಿಯುವವರೆಗೆ ಕಾಯ್ದಿರಿಸಬೇಕು.

ಹೆಚ್ಚಿನ ಮಾಹಿತಿಗಾಗಿ ತಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯನ್ನು ಸಂಪರ್ಕಿಸುವುದು.