ಕ್ರೂಸ್ ಕಂಟ್ರೋಲ್ ಕೈಕೊಟ್ಟಾಗ

ಸಂಪಾದಕರು "ಏನಾದರೂ ಬರೆದುಕೊಡಿ" ಎಂದು ಬೆನ್ನು ಹತ್ತಿದಾಗ ನನಗೆ ಹೊಳೆದದ್ದು ಕಥೆಯೂ ಅಲ್ಲ, ಕವನವೂ ಅಲ್ಲ. ನಮ್ಮ ಮನೆಯ ಹಳೇ ಕಾರು!

ಶಿಕಾಗೋದಿಂದ ಸೇಂಟ್ ಲೂಯಿಸ್‌ಗೆ ಐ-55ರಲ್ಲಿ ಹೋದವರಿಗೆ ಗೊತ್ತು. ಸುಮಾರು 300 ಮೈಲಿ, ಎರಡೂ ಕಡೆ ಮುಸುಕಿನ ಜೋಳದ ಹೊಲ, ರಸ್ತೆಗೆ ತಿರುವೇ ಇಲ್ಲ. ಕ್ರೂಸ್ ಕಂಟ್ರೋಲ್ ಇಲ್ಲದಿದ್ದರೆ ಬಲಗಾಲು ಮರಗಟ್ಟುವುದು ಖಂಡಿತ. ಕಳೆದ ಅಕ್ಟೋಬರಿನಲ್ಲಿ ಸ್ನೇಹಿತರ ಗೃಹಪ್ರವೇಶಕ್ಕೆಂದು ಹೊರಟಾಗ ಅರ್ಧ ದಾರಿಯಲ್ಲಿ ಅದು ಕೈಕೊಟ್ಟಿತು. ಡ್ಯಾಶ್‌ಬೋರ್ಡಿನಲ್ಲಿ "ಕ್ರೂಸ್" ಎಂಬ ದೀಪವೇನೋ ಉರಿಯುತ್ತಿದೆ, ಆದರೆ "ಸೆಟ್" ಒತ್ತಿದರೆ ವೇಗ ನಿಲ್ಲುತ್ತಿಲ್ಲ. ಅಷ್ಟರಲ್ಲಿ ಹಿಂದಿದ್ದ ಟ್ರಕ್ಕಿನವನು ಎರಡು ಮೂರು ಸಲ ಹೆಡ್‌ಲೈಟ್ ಮಿನುಗಿಸಿದ. "ನಿಧಾನ ಹೋಗ್ತಿದ್ದೀರ ಅಂತ ಬೈತಿದಾನೆ ಕಣ್ರೀ" ಎಂದಳು ನನ್ನವಳು. ನಾನೂ ಹಾಗೇ ತಿಳಿದು ಪಕ್ಕದ ಲೇನಿಗೆ ಸರಿದೆ.

ವಾಪಸ್ಸು ಬಂದ ವಾರದಲ್ಲಿ ಒಂದು ಬೆಳಿಗ್ಗೆ ಕಾರು ಸ್ಟಾರ್ಟ್ ಆಗಲಿಲ್ಲ. ಶಿಕಾಗೋ ಚಳಿಯನ್ನು ಶಪಿಸಿ ಹೊಸ ಬ್ಯಾಟರಿ ಹಾಕಿಸಿದೆ. ಕ್ರೂಸ್ ಕಂಟ್ರೋಲ್ ಒಂದು ದಿನ ಕೆಲಸ ಮಾಡುತ್ತಿತ್ತು, ಇನ್ನೊಂದು ದಿನ ಇಲ್ಲ. ವರ್ಕ್‌ಶಾಪಿನವರು "ಕಂಟ್ರೋಲ್ ಯೂನಿಟ್ ಹೋಗಿರಬೇಕು, 700 ಡಾಲರ್ ಆಗಬಹುದು" ಎಂದರು. "ಹೋಗಿರಬೇಕು" ಎಂಬ ಮಾತಿಗೆ 700 ಡಾಲರ್ ಕೊಡಲು ಮನಸ್ಸು ಒಪ್ಪಲಿಲ್ಲ. ಆಫೀಸಿನಲ್ಲಿ ದಿನವೂ ಬಗ್ ಹುಡುಕುವವನು ನಾನು, ಇದನ್ನೂ ಹುಡುಕೋಣ ಎಂದುಕೊಂಡೆ.

ಮೊದಲು ಇದು ಕೆಲಸ ಮಾಡುವ ಬಗೆ ನೋಡೋಣ. ಇದರ ಮೂಲಪುರುಷ ಇಂಡಿಯಾನಾದ ರಾಲ್ಫ್ ಟೀಟರ್ ಎಂಬ ಎಂಜಿನಿಯರ್. ಐದನೇ ವಯಸ್ಸಿನಿಂದ ಅವರಿಗೆ ಕಣ್ಣು ಕಾಣುತ್ತಿರಲಿಲ್ಲ! ಪೇಟೆಂಟ್ ಸಿಕ್ಕಿದ್ದು 1950ರಲ್ಲಿ, ಕ್ರೈಸ್ಲರ್ ಕಾರುಗಳಿಗೆ ಬಂದದ್ದು 1958ರ ಮಾಡೆಲ್‌ಗಳಲ್ಲಿ. ನನ್ನ ಕಾರಿನಂಥವುಗಳಲ್ಲಿ ಒಂದು ಪುಟ್ಟ ಕಂಪ್ಯೂಟರು ಈಗಿನ ವೇಗವನ್ನೂ ನೀವು ಕೇಳಿದ ವೇಗವನ್ನೂ ಹೋಲಿಸಿ ಥ್ರಾಟಲ್ಲನ್ನು ಹೆಚ್ಚು ಕಮ್ಮಿ ಮಾಡುತ್ತದೆ. ಅಷ್ಟೇ. ಆದರೆ ಇದನ್ನು ಕಟ್ಟಿರುವ ರೀತಿ ಗಮನಿಸಿ. ಯಾವುದೇ ಕಡೆಯಿಂದ ಸಣ್ಣ ಅನುಮಾನ ಬಂದರೂ "ನಾನು ಒಲ್ಲೆ" ಎನ್ನಬೇಕು, ಏಕೆಂದರೆ ಬೇಡದಾಗ ಕಾರನ್ನು ಓಡಿಸುವುದಕ್ಕಿಂತ ಬೇಕಾದಾಗ ಓಡಿಸದಿರುವುದೇ ಮೇಲು. ಹಾಗಾಗಿ ಕೆಟ್ಟದ್ದು ಯಾವುದು ಎಂದು ಹುಡುಕುವ ಬದಲು "ಬೇಡ" ಎನ್ನುತ್ತಿರುವವರು ಯಾರು ಎಂದು ಹುಡುಕಬೇಕು.

"ಬೇಡ" ಎನ್ನುವವರಲ್ಲಿ ಮೊದಲಿಗ ಬ್ರೇಕ್ ಪೆಡಲಿನ ಮೇಲ್ತುದಿಯಲ್ಲಿರುವ ಸ್ವಿಚ್ಚು. ಅದರೊಳಗೆ ಎರಡು ಸರ್ಕ್ಯೂಟುಗಳು. ಪೆಡಲ್ ಒತ್ತಿದಾಗ ಒಂದು ಕೂಡಿಕೊಂಡು ಹಿಂದಿನ ಕೆಂಪು ದೀಪ ಹತ್ತುತ್ತದೆ, ಅದೇ ಕ್ಷಣ ಇನ್ನೊಂದು ಬಿಟ್ಟುಕೊಂಡು ಕ್ರೂಸ್ ಆರುತ್ತದೆ.

ಸುಳಿವು ಕೊಟ್ಟವಳು ಆರು ವರ್ಷದ ಮಗಳು. ರಾತ್ರಿ ಕಾರು ನಿಲ್ಲಿಸಿ ಒಳಗೆ ಬಂದ ಮೇಲೆ "ಅಪ್ಪಾ, ಕಾರು ಇನ್ನೂ ಮಲಗಿಲ್ಲ, ಗರಾಜ್ ಬಾಗಿಲೆಲ್ಲಾ ಕೆಂಪಗಿದೆ" ಎಂದಳು. ಹೋಗಿ ನೋಡಿದರೆ ಕೀಲಿ ನನ್ನ ಜೇಬಿನಲ್ಲಿ, ಬ್ರೇಕ್ ಲೈಟು ಧಗಧಗ ಉರಿಯುತ್ತಿದೆ! 21 ವ್ಯಾಟಿನ ಮೂರು ಬಲ್ಬು, 12 ವೋಲ್ಟು ಎಂದರೆ ಸುಮಾರು 5 ಆಂಪಿಯರ್. ಒಂದೇ ರಾತ್ರಿಗೆ ಬ್ಯಾಟರಿ ಖಾಲಿ. ಪಾಪದ ಚಳಿಯನ್ನು ಸುಮ್ಮನೆ ಬೈದಿದ್ದೆ. ಟ್ರಕ್ಕಿನವನೂ ಬಹುಶಃ ಬೈಯುತ್ತಿರಲಿಲ್ಲ. ಕೆಂಪು ದೀಪ ಸದಾ ಉರಿಯುತ್ತಿದ್ದರೆ ನಾನು ನಿಜವಾಗಿ ಬ್ರೇಕ್ ಹಾಕಿದ್ದು ಹಿಂದಿನವನಿಗೆ ತಿಳಿಯುವುದಾದರೂ ಹೇಗೆ? ಅಂದು ಹಿಂದಿನ ಸೀಟಿನಲ್ಲಿ ಮಗಳು ನಿದ್ದೆ ಮಾಡುತ್ತಿದ್ದಳು. ಅದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಟಾರ್ಚ್ ಹಿಡಿದು, ಸ್ಟೇರಿಂಗ್ ಕೆಳಗೆ ತಲೆ ತೂರಿಸಿ ಮಲಗಿದೆ. ಮ್ಯಾಟಿನ ಮೇಲೆ ಹಪ್ಪಳದ ಚೂರಿನಂಥ ಪ್ಲಾಸ್ಟಿಕ್ ತುಣುಕುಗಳು. ಪೆಡಲಿನ ಕಬ್ಬಿಣದ ತೋಳಿನಲ್ಲಿ ಒಂದು ತೂತಿದೆ. ಅದಕ್ಕೆ ಷರ್ಟಿನ ಗುಂಡಿಯಷ್ಟಗಲದ ಪ್ಲಾಸ್ಟಿಕ್ ಬಿಲ್ಲೆ ಹಾಕಿರುತ್ತಾರೆ. ಕಾಲು ತೆಗೆದಾಗ ಆ ಬಿಲ್ಲೆ ಸ್ವಿಚ್ಚಿನ ಕಡ್ಡಿಯನ್ನು ಒಳಕ್ಕೆ ಅದುಮಿ ಹಿಡಿಯಬೇಕು. ವಯಸ್ಸಾಗಿ ಬಿಲ್ಲೆ ಪುಡಿಯಾಗಿತ್ತು, ಕಡ್ಡಿ ತೂತಿನೊಳಗೇ ನುಗ್ಗುತ್ತಿತ್ತು. ಉಳಿದ ಚೂರಿಗೆ ತಾಗಿದ ದಿನ ಎಲ್ಲ ಸರಿ, ತಾಗದ ದಿನ ಸ್ವಿಚ್ಚಿನ ಲೆಕ್ಕದಲ್ಲಿ ನನ್ನ ಕಾಲು ಸದಾ ಬ್ರೇಕ್ ಮೇಲೆ. ಕ್ರೂಸ್ ಒಲ್ಲೆ ಎಂದದ್ದು ಸರಿಯೇ ಆಗಿತ್ತು!

ಪರೀಕ್ಷೆ ಬಲು ಸುಲಭ. ಬೆರಳಿನಿಂದ ಕಡ್ಡಿಯನ್ನು ಒಳಗೊತ್ತಿದೆ. "ಹೋಯ್ತು!" ಎಂದು ಹಿಂದಿನಿಂದ ಮಗಳು ಕೂಗಿದಳು. ಬಿಟ್ಟೆ. "ಬಂತು!" ಇನ್ನೊಂದು ಸರ್ಕ್ಯೂಟನ್ನು 20 ಡಾಲರಿನ ಮಲ್ಟಿಮೀಟರಿನಲ್ಲಿ ನೋಡಿದೆ, ಅದೂ ಸರಿಯಾಗಿ ಕೂಡಿ ಬಿಡುತ್ತಿತ್ತು. ಸ್ವಿಚ್ಚಿನದೇನೂ ತಪ್ಪಿಲ್ಲ. ಡೀಲರ್ ಹತ್ತಿರ ಬಿಲ್ಲೆಗೆ ನಾಲ್ಕೈದು ಡಾಲರ್. ತಾತ್ಕಾಲಿಕವಾಗಿ ಬೋಲ್ಟು ನಟ್ಟು ಹಾಕಿಕೊಳ್ಳುವವರಿದ್ದಾರೆ, ನನಗೆ ಬ್ರೇಕಿನ ವಿಷಯದಲ್ಲಿ ಆ ಧೈರ್ಯವಿಲ್ಲ. ಎರಡು ದಿನ ಸಹೋದ್ಯೋಗಿಯ ಕಾರಿನಲ್ಲಿ ಆಫೀಸಿಗೆ ಹೋದೆ. ಬಿಲ್ಲೆ ಕೂರಿಸಲು ಹಿಡಿದದ್ದು ಹತ್ತು ನಿಮಿಷ, ಸೊಂಟ ನೆಟ್ಟಗಾಗಲು ಎರಡು ದಿನ.

ನಿಮ್ಮ ಕಾರಿನಲ್ಲಿ ಬ್ರೇಕ್ ಲೈಟು ಸರಿಯಿದ್ದರೆ ಜೊತೆಗೆ ಇನ್ನೇನು ಕೆಟ್ಟಿದೆ ನೋಡಿ. ಹಾರ್ನ್ ಹೊಡೆಯುತ್ತಿಲ್ಲ, ಏರ್‌ಬ್ಯಾಗ್ ದೀಪವೂ ಹತ್ತಿದೆ ಎಂದರೆ ಸ್ಟೇರಿಂಗ್ ಒಳಗೆ ಸುತ್ತಿರುವ ಕ್ಲಾಕ್ ಸ್ಪ್ರಿಂಗ್ ಮೇಲೆ ಅನುಮಾನ, ಏಕೆಂದರೆ ಮೂರರ ತಂತಿಗಳೂ ಅದರಲ್ಲೇ ಹಾದುಹೋಗುತ್ತವೆ. ಅಲ್ಲಿಗೆ ಮಾತ್ರ ನೀವು ಕೈ ಹಾಕಬೇಡಿ, ಏರ್‌ಬ್ಯಾಗ್ ಸಿಡಿದರೆ ಕಷ್ಟ. ಸ್ಪೀಡೋಮೀಟರ್ ಮುಳ್ಳು ಕುಣಿಯುತ್ತಿದ್ದರೆ ವೇಗದ ಸೆನ್ಸರ್ ನೋಡಿಸಿ. ಫ್ಯೂಸ್ ನೋಡಲು ಕಾಸು ಖರ್ಚಿಲ್ಲ. ಕಾರಿನ 17 ಅಕ್ಷರ-ಅಂಕಿಗಳ ವಿನ್ ನಂಬರನ್ನು ಎನ್‌ಎಚ್‌ಟಿಎಸ್‌ಎ ತಾಣದಲ್ಲಿ ಹಾಕಿ ರಿಕಾಲ್ ಇದೆಯೇ ನೋಡುವುದಕ್ಕೂ ಖರ್ಚಿಲ್ಲ. ಫೋರ್ಡ್ ಕಂಪನಿ 1999ರಿಂದ 2009ರವರೆಗೆ ಹಂತಹಂತವಾಗಿ 1.4 ಕೋಟಿಗೂ ಹೆಚ್ಚು ವಾಹನಗಳನ್ನು ವಾಪಸ್ಸು ಕರೆಸಿದ್ದು ಕ್ರೂಸ್ ಆರಿಸುವ ಒಂದು ಸ್ವಿಚ್ಚಿನ ದೆಸೆಯಿಂದ. ಅದರೊಳಗೆ ಬ್ರೇಕ್ ಆಯಿಲ್ ಸೋರಿ, ಕೀಲಿ ತೆಗೆದು ನಿಲ್ಲಿಸಿದ ವಾಹನಗಳಿಗೂ ಬೆಂಕಿ ಹತ್ತಿದ್ದುಂಟು.

ಈಗ ಕಾರು ಗರಾಜಿಗೆ ಬಂದೊಡನೆ ಮಗಳು ಹಿಂದೆ ಹೋಗಿ ನಿಂತು "ಅಪ್ಪಾ ಒತ್ತು... ಈಗ ಬಿಡು" ಎಂದು ಆಜ್ಞೆ ಮಾಡುತ್ತಾಳೆ. ಸುಮ್ಮಸುಮ್ಮನೆ ಹಾಕಿಸಿದ ಬ್ಯಾಟರಿಯ ರಸೀದಿಯನ್ನು ಅವಳಮ್ಮ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾಳೆ.