ತಾಯಿ ಒಂದ, ಅಪ್ಪ ಇಬ್ಬರು! ಒಂದೇ ಸೂಲಿನ ಮರಿಗಳು ಬೇರೆ ಬೇರೆ ಥರ ಯಾಕೆ?

ಕಿರಾಣಿ ಅಂಗಡಿಯ ಹಿಂದಿನ ಗೋದಾಮು. ಖಾಲಿ ಗೋಣಿಚೀಲದ ಮೇಲೆ ಬೆಕ್ಕು ನಾಲ್ಕು ಮರಿ ಹಾಕಿದೆ. ತಾಯಿ ಅಪ್ಪಟ ಕಪ್ಪು. ಮರಿಗಳಲ್ಲಿ ಒಂದು ತಾಯಿಯಂತೆಯೇ ಕಪ್ಪು, ಒಂದಕ್ಕೆ ಬೂದು ಪಟ್ಟೆ, ಒಂದಕ್ಕೆ ಎದೆ-ಕಾಲು ಬಿಳಿ, ಇನ್ನೊಂದು ಕಪ್ಪು-ಕೇಸರಿ ಕಲಸಿದ ಬಣ್ಣ. ಸಾಮಾನಿಗೆ ಬಂದವರು ಇಣುಕಿ ನೋಡಿ ಕೇಳುವುದು ಒಂದೇ ಪ್ರಶ್ನೆ: "ಇದೇನ್ರೀ ಸಾವ್ಕಾರ್ರ, ತಾಯಿ ಒಂದ ಐತಿ, ಮರಿ ನಾಕ್ ನಮೂನಿ ಅದಾವಲ್ಲ?"

ಅಂಗಡಿಯಲ್ಲಿ ಇದು ನಗೆಯ ಮಾತು. ಆದರೆ ನಾಯಿ ಮರಿ ಮಾರುವ-ಕೊಳ್ಳುವ ಕಡೆ ಇದೇ ಮಾತು ಜಗಳಕ್ಕೆ ತಿರುಗುತ್ತದೆ. ಮುಧೋಳ ನಾಯಿ ಎಂದು ನಂಬಿ, ಕೇಳಿದಷ್ಟು ದುಡ್ಡು ಎಣಿಸಿ ಮರಿ ಒಯ್ದವರು ಆರು ತಿಂಗಳಿಗೆ ವಾಪಸ್ ಬಂದು ನಿಲ್ಲುತ್ತಾರೆ. "ಇದರ ಒಡಹುಟ್ಟಿದ್ದು ಬಾಣದಂಗ ಓಡತೈತಿ, ನಮ್ಮದು ಕಂತ್ರಿ ಆಗೇತಿ" ಎನ್ನುವುದು ಅವರ ತಕರಾರು. "ಜೋಡಿ ನಾನ ಮುಂದ ನಿಂತು ಕೂಡ್ಸೇನಿ" ಎಂದು ಮಾರಿದವರ ಆಣೆ-ಪ್ರಮಾಣ. ಇಲ್ಲಿ ಇಬ್ಬರೂ ನಿಜವನ್ನೇ ಹೇಳುತ್ತಿರುವ ಸಾಧ್ಯತೆ ಇದೆ. ಯಾಕೆಂದರೆ ನಾಯಿ ಮತ್ತು ಬೆಕ್ಕಿನಲ್ಲಿ ಒಂದೇ ಸೂಲಿನ ಮರಿಗಳಿಗೆ ಇಬ್ಬರು, ಮೂವರು ಅಪ್ಪಂದಿರು ಇರಬಹುದು. ಇದು ಕಟ್ಟುಕಥೆ ಅಲ್ಲ, ಡಿಎನ್‌ಎ ಪರೀಕ್ಷೆಯಲ್ಲಿ ಸಾಬೀತಾದ ಸಂಗತಿ.

ಒಂದು ಮರಿಗೆ ಒಬ್ಬನೇ ಅಪ್ಪ, ಆದರೆ...

ಮೊದಲು ಒಂದು ತಪ್ಪು ತಿಳಿವಳಿಕೆ ಸರಿಪಡಿಸಿಕೊಳ್ಳಬೇಕು. ಒಂದು ಮರಿಗೆ ಇಬ್ಬರು ಅಪ್ಪಂದಿರು ಇರುವುದಿಲ್ಲ. "ಅರ್ಧ ಮುಧೋಳದ್ದು, ಅರ್ಧ ಬೀದಿ ನಾಯಿದು, ಎರಡೂ ಗಂಡಿನ ರಕ್ತ ಸೇರೇತಿ" ಎನ್ನುವ ಮಾತಿಗೆ ಆಧಾರವಿಲ್ಲ. ಪ್ರತಿ ಮರಿಯೂ ತಾಯಿಯ ಒಂದು ಅಂಡಾಣು ಮತ್ತು ಒಂದೇ ಗಂಡಿನ ಒಂದು ವೀರ್ಯಾಣು ಸೇರಿ ಆದದ್ದು.

ಆದರೆ ನಾಯಿ, ಬೆಕ್ಕುಗಳು ಒಂದು ಬೆದೆಯಲ್ಲಿ ಹಲವು ಅಂಡಾಣುಗಳನ್ನು ಬಿಡುತ್ತವೆ. ಐದು ಮರಿ ಹುಟ್ಟಿದರೆ ಸಾಮಾನ್ಯವಾಗಿ ಐದು ಬೇರೆ ಬೇರೆ ಅಂಡಾಣು ಫಲಿಸಿವೆ ಎಂದರ್ಥ. ಆ ಐದೂ ಅಂಡಾಣುಗಳಿಗೆ ಒಂದೇ ಗಂಡಿನ ವೀರ್ಯಾಣು ಸೇರಬೇಕೆಂಬ ನಿಯಮವೇನೂ ಇಲ್ಲ. ಎರಡಕ್ಕೆ ಒಬ್ಬನದು, ಮೂರಕ್ಕೆ ಇನ್ನೊಬ್ಬನದು ಸೇರಿದರೆ ಒಂದೇ ಹೊಟ್ಟೆಯಲ್ಲಿ, ಒಂದೇ ದಿನ ಹುಟ್ಟಿದ ಮರಿಗಳು ತಾಯಿ ಕಡೆಯಿಂದ ಮಾತ್ರ ಒಡಹುಟ್ಟಿದವು ಆಗುತ್ತವೆ.

ಬೆಕ್ಕಿನ ಲೆಕ್ಕ ಬೇರೆ

ಬೆಕ್ಕಿನ ದೇಹ ನಡೆಯುವ ರೀತಿಯೇ ವಿಶೇಷ. ಆಕಳು, ಎಮ್ಮೆ, ನಾಯಿಗಳಲ್ಲಿ ಗಂಡು ಸೇರಲಿ ಬಿಡಲಿ, ಬೆದೆಯ ಹೊತ್ತಿಗೆ ಅಂಡಾಣು ತಾನಾಗಿ ಬಿಡುಗಡೆಯಾಗುತ್ತದೆ. ಬೆಕ್ಕಿನಲ್ಲಿ ಹಾಗಲ್ಲ. ಗಂಡಿನ ಜೊತೆ ಕೂಡಿದ ಮೇಲೆಯೇ ಮೆದುಳಿಗೆ ಸಂದೇಶ ಹೋಗಿ, ಹಾರ್ಮೋನ್ ಏರಿ, ಸುಮಾರು ಒಂದೆರಡು ದಿನದಲ್ಲಿ ಅಂಡಾಣುಗಳು ಹೊರಬರುತ್ತವೆ. ಅದಕ್ಕೂ ಒಂದೇ ಸಲದ ಕೂಡುವಿಕೆ ಎಷ್ಟೋ ಬಾರಿ ಸಾಲುವುದಿಲ್ಲ. ಹಾಗಾಗಿ ಹೆಣ್ಣು ಬೆಕ್ಕು ಒಂದೇ ದಿನ ಹಲವು ಸಲ ಕೂಡುತ್ತದೆ.

ಈ ಹೊತ್ತಿನಲ್ಲಿ ರಾತ್ರಿ ಹಂಚಿನ ಮೇಲೆ, ಮಾಳಿಗೆ ಮೇಲೆ ಮಗು ಅತ್ತಂತೆ ಕೂಗಾಟ ಕೇಳಿಸುತ್ತದಲ್ಲ, ಓಣಿಯ ಗಂಡು ಬೆಕ್ಕುಗಳೆಲ್ಲ ಅಲ್ಲಿಗೆ ಸೇರಿರುತ್ತವೆ. ಅವುಗಳ ಜಗಳದಲ್ಲಿ ಗೆದ್ದದ್ದು ಮೊದಲು ಕೂಡಬಹುದು, ಆದರೆ ಅಂಡಾಣು ಇಳಿಯುವವರೆಗೆ ಕಾವಲು ಕೂರಲು ಅದರಿಂದ ಆಗುವುದಿಲ್ಲ. ಅದು ಆಚೆ ಹೋದಾಗ ಇನ್ನೊಂದು ಬರುತ್ತದೆ. ಎರಡರ ವೀರ್ಯಾಣುಗಳೂ ಒಳಗೆ ಕಾದಿರುತ್ತವೆ.

ಫ್ರಾನ್ಸಿನ ಸಂಶೋಧಕರು ಇದನ್ನು ಅಳೆದೇ ನೋಡಿದ್ದಾರೆ. 1999ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಲಿಯಾನ್ ನಗರದಲ್ಲಿ ಗುಂಪಾಗಿ ಬದುಕುವ ಬೆಕ್ಕುಗಳ ಸೂಲುಗಳಲ್ಲಿ ಶೇ. 70ರಿಂದ 83ರಷ್ಟಕ್ಕೆ ಒಬ್ಬರಿಗಿಂತ ಹೆಚ್ಚು ಅಪ್ಪಂದಿರಿದ್ದರು. ಬೆಕ್ಕುಗಳು ದೂರ ದೂರ ಇರುವ ಹಳ್ಳಿಗಾಡಿನಲ್ಲಿ ಈ ಪ್ರಮಾಣ ಶೇ. 22ನ್ನು ದಾಟಲಿಲ್ಲ. ಹಳ್ಳಿಯಲ್ಲಿ ಒಂದು ಗಂಡು ಬೆಕ್ಕು ತನ್ನ ಹದ್ದಿನೊಳಗೆ ಇನ್ನೊಂದನ್ನು ಬಿಟ್ಟುಕೊಳ್ಳದೆ ಇರಬಲ್ಲದು. ಪೇಟೆಯ ಗುಂಪಿನಲ್ಲಿ ಅದು ಆಗುವ ಕೆಲಸವಲ್ಲ. ಮೀನು ಮಾರ್ಕೆಟ್, ಹೋಟೆಲ್ ಹಿಂದುಗಡೆ, ಕಾಳು-ಕಡಿ ಅಂಗಡಿ ಸಾಲುಗಳಂಥ ಬೆಕ್ಕು ಹೆಚ್ಚಿರುವ ಜಾಗಗಳನ್ನು ನೆನೆದರೆ ಇದು ಅರ್ಥವಾಗುತ್ತದೆ.

ನಾಯಿಯಲ್ಲಿ ದಿನಗಳ ಆಟ

ನಾಯಿಯ ಬೆದೆ ಉದ್ದನೆಯದು. ಮೊದಲ ಸುಮಾರು ಒಂಬತ್ತು ದಿನ ರಕ್ತಸ್ರಾವ ಕಾಣುತ್ತದೆ. ಗಂಡು ನಾಯಿಗಳು ಹಿಂದೆ ಬಿದ್ದರೂ ಹೆಣ್ಣು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಆಮೇಲಿನ ಸುಮಾರು ಒಂಬತ್ತು ದಿನ ಬಿಟ್ಟುಕೊಳ್ಳುತ್ತದೆ. ಈ ದಿನಗಳು ನಾಯಿಯಿಂದ ನಾಯಿಗೆ ಹೆಚ್ಚು-ಕಡಿಮೆ ಆಗುತ್ತವೆ.

ನಾಯಿಯ ಅಂಡಾಣು ಹೊರಬಂದಾಗ ಇನ್ನೂ ಬಲಿತಿರುವುದಿಲ್ಲ. ಬಲಿಯಲು ಎರಡು-ಮೂರು ದಿನ ಬೇಕು. ಬಲಿತ ಮೇಲೂ ಒಂದೆರಡು ದಿನ ಫಲಿಸುವ ಶಕ್ತಿ ಉಳಿಸಿಕೊಂಡಿರುತ್ತದೆ. ಇತ್ತ ಗಂಡಿನ ವೀರ್ಯಾಣುಗಳು ಹೆಣ್ಣಿನ ದೇಹದೊಳಗೆ ಐದಾರು ದಿನ ಜೀವಂತ ಇರಬಲ್ಲವು. ಸೋಮವಾರ ಒಳ್ಳೆಯ ಜಾತಿಯ ಗಂಡಿನ ಜೊತೆ ಕೂಡಿಸಿ, ಕೆಲಸ ಮುಗೀತು ಎಂದು ಬುಧವಾರ ಹಿತ್ತಲ ಬಾಗಿಲು ತೆರೆದಿಟ್ಟರೆ, ಬೀದಿ ನಾಯಿ ಬಂದು ಹೋಗಿರುತ್ತದೆ. ಅಂಡಾಣು ಬಲಿಯುವುದು ಶುಕ್ರವಾರ. ಆ ಹೊತ್ತಿಗೆ ಎರಡೂ ಗಂಡಿನ ವೀರ್ಯಾಣುಗಳು ಅಲ್ಲಿ ಹಾಜರು.

ನಾಯಿ ಮರಿಗಳ ವಿಷಯದಲ್ಲಿ ಮೋಸ ಆಗುವುದು ಹೆಚ್ಚಾಗಿ ಇಲ್ಲೇ, ಅದೂ ಗೊತ್ತಿಲ್ಲದೆ ಆಗುವ ಮೋಸ. ಮೊದಲ ಕೂಡುವಿಕೆ ಆದ ಮೇಲೆ ನಾಯಿಯನ್ನು ಕಟ್ಟಿಹಾಕುವ ಅಗತ್ಯ ಇಲ್ಲ ಎಂದುಕೊಳ್ಳುವುದೇ ತಪ್ಪು.

ಬೇರೆ ಬೇರೆ ದಿನ ಗರ್ಭ ಕಟ್ಟಿದ್ದಕ್ಕೆ ಒಂದು ಮರಿ ದೊಡ್ಡದು, ಒಂದು ಸಣ್ಣದು ಎನ್ನುವುದೂ ಸರಿಯಲ್ಲ. ಅಂಡಾಣುಗಳೆಲ್ಲ ಹೆಚ್ಚು-ಕಡಿಮೆ ಒಟ್ಟಿಗೇ ಬಲಿಯುತ್ತವೆ. ಸುಮಾರು 63 ದಿನಕ್ಕೆ ಎಲ್ಲವೂ ಒಟ್ಟಿಗೇ ಹುಟ್ಟುತ್ತವೆ. ಒಂದೇ ಅಪ್ಪನ ಮರಿಗಳಲ್ಲೂ ಒಂದು ಬಡಕಲಾಗಬಹುದು. ಗರ್ಭದಲ್ಲಿ ಅದಕ್ಕೆ ಸಿಕ್ಕ ಪೋಷಣೆ ಕಡಿಮೆಯಾಗಿದ್ದರೆ ಹಾಗಾಗುತ್ತದೆ.

ಬಣ್ಣ ನೋಡಿ ತೀರ್ಪು ಕೊಡಬಹುದೇ?

ಹೆಚ್ಚಿನ ಸಲ ಕೊಡಲಾಗುವುದಿಲ್ಲ. ಬಣ್ಣ ನಿರ್ಧರಿಸುವ ಕೆಲವು ಗುಣಗಳು ತಂದೆ-ತಾಯಿಯಲ್ಲಿ ಕಾಣದೆ ಅಡಗಿದ್ದು ಮರಿಯಲ್ಲಿ ಹೊರಬೀಳುತ್ತವೆ. ಕಪ್ಪು ಲ್ಯಾಬ್ರಡಾರ್ ಜೋಡಿಗೆ ಹಳದಿ ಮರಿ ಹುಟ್ಟಿದರೆ ಗಾಬರಿ ಬೇಡ, ಅದು ಸಹಜ. ಆದರೆ ತಾಯಿ-ತಂದೆ ಎರಡೂ ಹಳದಿ ಲ್ಯಾಬ್ರಡಾರ್ ಆಗಿದ್ದು ಕಪ್ಪು ಮರಿ ಹುಟ್ಟಿದರೆ, ಆ ಮರಿಯ ಅಪ್ಪ ಬೇರೆಯೇ ಎಂದು ಅನುಮಾನಿಸಲು ಗಟ್ಟಿ ಕಾರಣ ಇದೆ.

ಮುಧೋಳ ನಾಯಿಯಲ್ಲಂತೂ ಬಣ್ಣದ ಲೆಕ್ಕ ಇನ್ನೂ ಕಷ್ಟ. ಬಿಳಿ, ಕಪ್ಪು, ಕಂದು, ಮಿಶ್ರ ಹೀಗೆ ಹಲವು ಬಣ್ಣಗಳು ಈ ತಳಿಯಲ್ಲೇ ಇವೆ. ಬಣ್ಣ ಬೇರೆ ಎಂದ ಮಾತ್ರಕ್ಕೆ ಕಂತ್ರಿ ಎನ್ನಲಾಗದು. ಉದ್ದ ತಲೆ, ಆಳ ಎದೆ, ಒಳಸೇರಿದ ಹೊಟ್ಟೆ, ನೀಳ ಕಾಲು, ನುಣುಪಾದ ಗಿಡ್ಡ ಕೂದಲು ಈ ತಳಿಯ ಲಕ್ಷಣ. ಇವು ಪೂರ್ತಿ ಕಾಣಬೇಕಾದರೆ ಮರಿ ಬೆಳೆಯಬೇಕು. ತಿಂಗಳ ಮರಿಯಲ್ಲಿ ಇದನ್ನು ನೋಡಿ ಹೇಳುವುದು ಅನುಭವಿಗಳಿಗೂ ಸುಲಭವಲ್ಲ.

ಬೆಕ್ಕಿನಲ್ಲಿ ಮಾತ್ರ ಒಂದು ಒಳ್ಳೆಯ ಸುಳಿವಿದೆ. ಕೇಸರಿ ಬಣ್ಣದ ಗುಣ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಗಂಡು ಬೆಕ್ಕಿಗೆ ಎಕ್ಸ್ ಒಂದೇ. ಅದನ್ನೇ ತನ್ನ ಹೆಣ್ಣು ಮರಿಗಳಿಗೆಲ್ಲ ಕೊಡುತ್ತದೆ. ಗಂಡು ಮರಿಗಳಿಗೆ ಎಕ್ಸ್ ಬರುವುದು ತಾಯಿಯಿಂದ ಮಾತ್ರ. ಹಾಗಾಗಿ ತಾಯಿ ಕಪ್ಪು, ಅಪ್ಪ ಕೇಸರಿ ಆದರೆ ಹೆಣ್ಣು ಮರಿಗಳೆಲ್ಲವೂ ಕಪ್ಪು-ಕೇಸರಿ ಮಿಶ್ರ ಆಗಬೇಕು. ಅಪ್ಪ ಕೇಸರಿ ಅಲ್ಲದಿದ್ದರೆ ಒಂದು ಹೆಣ್ಣು ಮರಿಗೂ ಕೇಸರಿ ಬರಬಾರದು.

ಈಗ ಗೋದಾಮಿನ ಮರಿಗಳಿಗೆ ವಾಪಸ್ ಬರೋಣ. ಕಪ್ಪು-ಕೇಸರಿ ಮರಿಯ ಅಪ್ಪ ಕೇಸರಿ ಬೆಕ್ಕು ಎಂಬುದು ಖಾತ್ರಿ. ಉಳಿದ ಮೂರರ ಬಾಲ ಎತ್ತಿ ನೋಡಬೇಕು. ಮೂರೂ ಗಂಡಾದರೆ ಅದೇ ಕೇಸರಿ ಬೆಕ್ಕು ನಾಲ್ಕಕ್ಕೂ ಅಪ್ಪ ಆಗಿರಬಹುದು. ಅವುಗಳಲ್ಲಿ ಒಂದಾದರೂ ಹೆಣ್ಣಿದ್ದು, ಅದರ ಮೈಮೇಲೆ ಕೇಸರಿ ಕೂದಲು ಎಲ್ಲೂ ಇಲ್ಲದಿದ್ದರೆ ಆ ಸೂಲಿಗೆ ಇಬ್ಬರು ಅಪ್ಪಂದಿರು. ಸಣ್ಣ ಚುಕ್ಕೆ ಇದ್ದರೂ ಲೆಕ್ಕ ಬದಲಾಗುತ್ತದೆ, ಬೆಳಕಿಗೆ ಹಿಡಿದು ನೋಡಬೇಕು.

ಡಿಎನ್‌ಎ ಹೇಳುವುದು ಹೀಗೆ

ಖಚಿತ ಉತ್ತರ ಬೇಕೆಂದರೆ ಡಿಎನ್‌ಎ ಪರೀಕ್ಷೆ ಒಂದೇ ದಾರಿ. ಡಿಎನ್‌ಎಯ ಒಂದೊಂದು ಗುರುತಿನ ಜಾಗದಲ್ಲೂ ಪ್ರತಿ ಪ್ರಾಣಿಗೆ ಎರಡು ಗುರುತುಗಳಿರುತ್ತವೆ, ಒಂದು ತಾಯಿಯದು, ಒಂದು ಅಪ್ಪನದು. ಅಪ್ಪನ ಕಿಸೆಯಲ್ಲಿ ಎರಡೇ ನೋಟು ಇದ್ದಂತೆ, ಒಂದು 50ರದು, ಒಂದು 100ರದು ಎನ್ನಿ. ಪ್ರತಿ ಮರಿಗೂ ಅವುಗಳಲ್ಲಿ ಒಂದರ ನಕಲು ಸಿಗುತ್ತದೆ. ಎಷ್ಟೇ ಮರಿ ಇರಲಿ, ಅಪ್ಪನಿಂದ ಬಂದ ನೋಟು ಎರಡು ಬಗೆಗಿಂತ ಹೆಚ್ಚಿರಲು ಸಾಧ್ಯವಿಲ್ಲ. ತಾಯಿಯ ಪಾಲು ಕಳೆದ ಮೇಲೆ ಮರಿಗಳಲ್ಲಿ 50, 100ರ ಜೊತೆ 200ರ ನೋಟೂ ಸಿಕ್ಕರೆ? ಇನ್ನೊಂದು ಕಿಸೆ ಇದೆ ಎಂದಾಯಿತು. ಇಂಥ ಹಲವು ಜಾಗಗಳನ್ನು ಹೋಲಿಸಿ ನೋಡುತ್ತಾರೆ.

ಇದಕ್ಕೆ ತಾಯಿ, ಮರಿಗಳು ಮತ್ತು ಅನುಮಾನ ಇರುವ ಗಂಡುಗಳ ರಕ್ತ ಅಥವಾ ಕೆನ್ನೆಯ ಒಳಭಾಗದ ಮಾದರಿ ಸಾಕು. ಅಮೆರಿಕದ ಕೆನಲ್ ಕ್ಲಬ್ ಇಬ್ಬರು ಅಪ್ಪಂದಿರ ಸೂಲನ್ನೂ ಡಿಎನ್‌ಎ ಪರೀಕ್ಷೆಯ ಆಧಾರದ ಮೇಲೆ ನೋಂದಣಿ ಮಾಡಿಕೊಳ್ಳುತ್ತದೆ.

"ಒಮ್ಮೆ ಕೆಟ್ಟರೆ ಕೆಟ್ಟಂಗೇ" ಎಂಬುದು ಸುಳ್ಳು

ಜಾತಿ ನಾಯಿ ಒಮ್ಮೆ ಬೀದಿ ನಾಯಿ ಜೊತೆ ಕೂಡಿದರೆ ಮುಂದಿನ ಸೂಲುಗಳೂ ಕೆಡುತ್ತವೆ ಎಂಬ ನಂಬಿಕೆ ಹಲವರಲ್ಲಿದೆ. ಈ ಕಾರಣಕ್ಕೆ ಒಳ್ಳೆಯ ನಾಯಿಯನ್ನು ಊರಾಚೆ ಬಿಟ್ಟು ಬರುವವರೂ ಇದ್ದಾರೆ. ಒಂದು ಕಾಲಕ್ಕೆ ಯುರೋಪಿನ ಪಂಡಿತರೂ ಹೀಗೇ ನಂಬಿದ್ದರು. 1890ರ ದಶಕದಲ್ಲಿ ಸ್ಕಾಟ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಜೇಮ್ಸ್ ಕಾಸರ್ ಯೂವರ್ಟ್ ಅವರು ಕುದುರೆ ಮತ್ತು ಜೀಬ್ರಾಗಳ ಮೇಲೆ ಪ್ರಯೋಗ ನಡೆಸಿ ಇದಕ್ಕೆ ಆಧಾರವಿಲ್ಲವೆಂದು ತೋರಿಸಿದರು. ಒಂದು ಬೆದೆಯ ವೀರ್ಯಾಣು ಮುಂದಿನ ಬೆದೆಯವರೆಗೆ ಉಳಿಯುವುದಿಲ್ಲ. ಮುಂದಿನ ಸಲ ಸರಿಯಾದ ಗಂಡಿನ ಜೊತೆ ಕೂಡಿಸಿ ಕಾಪಾಡಿಕೊಂಡರೆ ಮರಿಗಳು ಶುದ್ಧ ತಳಿಯವೇ.

ಸಾಕುವವರು ಮಾಡಬೇಕಾದ್ದು

ಮುಧೋಳದ ಘೋರ್ಪಡೆ ಅರಸರು ಪೋಷಿಸಿದ, 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದ ತಳಿ ಇದು. ತಾಲ್ಲೂಕಿನ ತಿಮ್ಮಾಪುರದಲ್ಲಿ ಪಶು ವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರ ಇದಕ್ಕಾಗಿಯೇ ಇದೆ. ತಳಿ ಉಳಿಯಬೇಕಾದರೆ ಮನೆಯಲ್ಲಿ ಸಾಕುವವರ ಎಚ್ಚರವೂ ಬೇಕು.

ರಕ್ತ ಕಂಡ ಮೊದಲ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅಲ್ಲಿಂದ ಕನಿಷ್ಠ ಮೂರು ವಾರ ಹೆಣ್ಣು ನಾಯಿ ಒಂಟಿಯಾಗಿ ಹೊರಗೆ ಹೋಗಬಾರದು. ಗಂಡಿನ ಜೊತೆ ಕೂಡಿಸಿದ ಮೇಲೂ ಇದೇ ನಿಯಮ. ಹಗ್ಗ ಕಟ್ಟಿದರೆ ಸಾಲದು, ಬೀದಿ ನಾಯಿ ಒಳಗೇ ಬರುತ್ತದೆ, ಬಾಗಿಲು ಮುಚ್ಚಬೇಕು. ಕೂಡಿಸಿದ ದಿನ, ಗಂಡು ಯಾವುದು, ಯಾರ ಮನೆಯದು ಎಂದು ಬರೆದಿಡಿ. ಬೇಡದ ಗಂಡು ಸೇರಿಬಿಟ್ಟರೆ ತಡ ಮಾಡದೆ ಪಶು ಆಸ್ಪತ್ರೆಗೆ ಹೋಗಿ. ಯಾರೋ ಹೇಳಿದ ಇಂಜೆಕ್ಷನ್ ತಂದು ಚುಚ್ಚಬೇಡಿ. ಗರ್ಭಕೋಶದಲ್ಲಿ ಕೀವು ತುಂಬಿ ನಾಯಿಯ ಜೀವಕ್ಕೇ ಕುತ್ತು ಬರಬಹುದು.

ಕೊಳ್ಳುವವರು ತಾಯಿಯನ್ನು ನೋಡಿ, ಸೂಲಿನ ಎಲ್ಲ ಮರಿಗಳನ್ನೂ ಒಟ್ಟಿಗೆ ನೋಡಿ, ಸಾಧ್ಯವಾದರೆ ಗಂಡನ್ನೂ ನೋಡಿ. 2017ರ ನಾಯಿ ತಳಿ ಸಂವರ್ಧನೆ ಮತ್ತು ಮಾರಾಟ ನಿಯಮಗಳ ಪ್ರಕಾರ ಮರಿ ಮಾರುವವರು ನೋಂದಣಿ ಮಾಡಿಸಿರಬೇಕು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ದೊಡ್ಡ ಮೊತ್ತ ಕೊಡುವಾಗ, ಡಿಎನ್‌ಎಯಲ್ಲಿ ಬೇರೆ ಅಪ್ಪ ಎಂದು ಬಂದರೆ ಏನು ಮಾಡುವುದು ಎಂಬ ಮಾತನ್ನು ಮೊದಲೇ ಚೀಟಿಯಲ್ಲಿ ಬರೆಸಿಕೊಳ್ಳುವುದು ಇಬ್ಬರಿಗೂ ಒಳ್ಳೆಯದು.

ಬೀದಿಯ ಲೆಕ್ಕಕ್ಕೂ ಇದೇ ಪಾಠ

ಓಣಿಯ ಜೋರಿನ ಗಂಡು ನಾಯಿಗೆ ಆಪರೇಷನ್ ಮಾಡಿಸಿದರೆ ಮರಿ ಕಡಿಮೆ ಆಗುತ್ತವೆ ಎಂದು ಹಲವರು ತಿಳಿದಿದ್ದಾರೆ. ಹೆಣ್ಣು ಹಲವು ಗಂಡುಗಳ ಜೊತೆ ಕೂಡುವುದರಿಂದ, ಹತ್ತರಲ್ಲಿ ಒಂಬತ್ತು ಗಂಡಿಗೆ ಮಾಡಿಸಿದರೂ ಉಳಿದ ಒಂದೇ ಸಾಕು. ಅದೇ ಒಂದು ಹೆಣ್ಣಿಗೆ ಮಾಡಿಸಿದರೆ ಅದರ ಸೂಲುಗಳು ಅಲ್ಲಿಗೇ ನಿಲ್ಲುತ್ತವೆ. ಗಂಡಿಗೆ ಬೇಡವೆಂದಲ್ಲ, ಹೆಣ್ಣನ್ನು ಬಿಡಬಾರದು.

2023ರ ಪ್ರಾಣಿ ಸಂತಾನ ನಿಯಂತ್ರಣ ನಿಯಮಗಳಂತೆ ಬೀದಿ ನಾಯಿಗಳ ಸಂತಾನಹರಣ ಮತ್ತು ರೇಬೀಸ್ ಲಸಿಕೆಯ ಹೊಣೆ ಸ್ಥಳೀಯ ಸಂಸ್ಥೆಯದು. ಮನೆ ನಾಯಿಯ ಹೊಣೆ ಮಾಲೀಕರದು. ಅಂಗಡಿಯ ಇಲಿ ಕಾಟಕ್ಕೆಂದು ಬೆಕ್ಕು ಸಾಕಿದವರು ಮರಿಗಳು ಐದಾರು ತಿಂಗಳಿಗೇ ಬೆದೆಗೆ ಬರಬಹುದೆಂದು ನೆನಪಿಟ್ಟುಕೊಂಡು, ಅದಕ್ಕೂ ಮೊದಲೇ ಪಶುವೈದ್ಯರನ್ನು ಕಾಣಬೇಕು. ಆಪರೇಷನ್ ಆದ ಬೆಕ್ಕು ಇಲಿ ಹಿಡಿಯುವುದನ್ನು ಬಿಡುವುದಿಲ್ಲ.

ಅಪ್ಪ ಯಾರೇ ಇರಲಿ, ಮರಿಗೆ ಮೂರು ತಿಂಗಳಾಗುತ್ತಿದ್ದಂತೆ ರೇಬೀಸ್ ಲಸಿಕೆ ಹಾಕಿಸಲೇಬೇಕು. ಸಣ್ಣ ಮರಿ ಕಚ್ಚಿದರೂ, ಉಗುರು ತಾಗಿ ಗೀರಿದರೂ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಬೇಕು. "ಮರಿ ಐತಿ, ಏನ್ ಆಗ್ತದ ಬಿಡ್ರಿ" ಎನ್ನುವ ಮಾತು ಬೇಡ.