ಆಫ್ರಿಕಾ ಸುತ್ತಿ ಹೊರಟ ಕಾಫಿ

ಯೆಮನ್ ಮತ್ತು ಜಿಬೂಟಿಗಳ ನಡುವೆ ಸುಮಾರು 30 ಕಿ.ಮೀ. ಅಗಲಕ್ಕೆ ಕಿರಿದಾಗುವ ಬಾಬ್ ಎಲ್ ಮಂದಬ್ ಜಲಸಂಧಿಯು, ಹಿಂದೂ ಮಹಾಸಾಗರದಿಂದ ಕೆಂಪು ಸಮುದ್ರವನ್ನು ಹೊಕ್ಕು ಸೂಯೆಜ್ ಕಾಲುವೆಯ ಮೂಲಕ ಯುರೋಪನ್ನು ಸೇರುವ ಹಡಗುಗಳೆಲ್ಲ ದಾಟಲೇಬೇಕಾದ ಹೊಸ್ತಿಲು. ಅರಬ್ಬೀ ಭಾಷೆಯಲ್ಲಿ ಈ ಹೆಸರಿಗೆ ‘ಕಣ್ಣೀರಿನ ಬಾಗಿಲು’ ಎಂಬ ಅರ್ಥವಿದೆ. ಜಗತ್ತಿನ ಕಂಟೈನರ್ ಸಾಗಣೆಯ ಶೇ 30ರಷ್ಟು ಹಾದುಹೋಗುತ್ತಿದ್ದ ಈ ದಾರಿಯಲ್ಲಿ, ಗಾಜಾ ಯುದ್ಧದ ಬೆನ್ನಲ್ಲೇ, 2023ರ ನವೆಂಬರ್ 19ರಂದು ಯೆಮನ್ನಿನ ಹೂತಿ ಪಡೆಯವರು ಭಾರತದತ್ತ ಹೊರಟಿದ್ದ ‘ಗ್ಯಾಲಕ್ಸಿ ಲೀಡರ್’ ಎಂಬ ಹಡಗಿನ ಮೇಲೆ ಹೆಲಿಕಾಪ್ಟರಿನಿಂದ ಇಳಿದು ಅದನ್ನು ವಶಪಡಿಸಿಕೊಂಡರು. ಕ್ಷಿಪಣಿ ಮತ್ತು ಡ್ರೋನ್ ದಾಳಿಗಳು ಮುಂದುವರಿದಾಗ, ಅದೇ ಡಿಸೆಂಬರಿನ ನಡುವಿನಲ್ಲಿ ಮರ್ಸ್ಕ್, ಹಪಾಗ್ ಲಾಯ್ಡ್, ಎಂಎಸ್‌ಸಿಯಂಥ ದೊಡ್ಡ ಹಡಗು ಕಂಪನಿಗಳು ತಮ್ಮ ಹಡಗುಗಳನ್ನು ಆಫ್ರಿಕಾದ ತುದಿಯ ಗುಡ್ ಹೋಪ್ ಭೂಶಿರದ ಕಡೆಗೆ ತಿರುಗಿಸಿದವು. ಸಾವಿರಾರು ಕಿ.ಮೀ. ದೂರದ ಈ ನಿರ್ಧಾರದ ಬಿಸಿ ಕೊಡಗು, ಚಿಕ್ಕಮಗಳೂರು, ಹಾಸನಗಳ ಕಾಫಿ ವಹಿವಾಟಿಗೆ ತಟ್ಟಿದ ಬಗೆಯನ್ನು ನೋಡಿದರೆ, ಹಡಗು ದಾರಿ ತಪ್ಪಿದಾಗ ನಷ್ಟದ ಹೊರೆ ಕೊನೆಗೆ ಯಾರ ಹೆಗಲಿಗೆ ಬೀಳುತ್ತದೆ ಎಂಬುದು ಸ್ಪಷ್ಟವಾಗುತ್ತದೆ.

ದೇಶದ ಕಾಫಿಯಲ್ಲಿ ಸುಮಾರು ಶೇ 70ರಷ್ಟನ್ನು ಕರ್ನಾಟಕವೇ ಬೆಳೆಯುತ್ತದೆ. ದೇಶದಲ್ಲಿ ಬೆಳೆದದ್ದರ ಬಹುಪಾಲು ಹೊರದೇಶಗಳಿಗೆ ಹೋಗುತ್ತದೆ, ಅದನ್ನು ಕೊಳ್ಳುವವರಲ್ಲಿ ಇಟಲಿಯೇ ಮೊದಲಿನದು. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಸಿಪ್ಪೆ ಬಿಡಿಸಿ, ಗಾತ್ರಕ್ಕೆ ತಕ್ಕಂತೆ ವಿಂಗಡಿಸಿದ ಬೀಜವು ಘಾಟಿ ಇಳಿದು ಪಣಂಬೂರಿನ ನವ ಮಂಗಳೂರು ಬಂದರನ್ನೋ, ಕೊಚ್ಚಿ, ಚೆನ್ನೈ ಬಂದರುಗಳನ್ನೋ ಸೇರುತ್ತದೆ. ಸೂಯೆಜ್ ಮೂಲಕವಾದರೆ ಇಟಲಿ ಈ ದಾರಿಯ ಹತ್ತಿರದ ನಿಲ್ದಾಣ. ಆದರೆ ಆಫ್ರಿಕಾ ಸುತ್ತಿದ ಹಡಗು ಅಟ್ಲಾಂಟಿಕ್ ಏರಿ, ಜಿಬ್ರಾಲ್ಟರ್ ಬಳಿ ಮೆಡಿಟರೇನಿಯನ್ ಹೊಕ್ಕು, ಮತ್ತೆ ಪೂರ್ವಕ್ಕೆ ಹಿಂತಿರುಗಿ ಜಿನೋವಾ, ಟ್ರಿಯೆಸ್ಟೆಗಳನ್ನು ಮುಟ್ಟಬೇಕು. ಹೀಗಾಗಿ ರಾಟರ್‌ಡ್ಯಾಮಿಗೆ ಹೋಗುವ ಸರಕಿಗಿಂತ ಇಟಲಿಗೆ ಹೋಗುವ ಸರಕಿಗೆ ಈ ಸುತ್ತು ಇನ್ನೂ ದುಬಾರಿಯಾಯಿತು.

ದಾರಿ ಉದ್ದವಾದರೆ ಇಂಧನದ ಖರ್ಚು ಹೆಚ್ಚುತ್ತದೆ ಎಂಬುದು ಎಲ್ಲರಿಗೂ ಹೊಳೆಯುವ ಮಾತು. ಹೊಳೆಯದ ಲೆಕ್ಕ ಬೇರೆಯಿದೆ. ವಾರಕ್ಕೊಂದರಂತೆ ಹಡಗು ಬಿಡುವ ಕಂಪನಿಗೆ, ಹೋಗಿಬರಲು ಎಂಟು ವಾರ ಬೇಕಾದಲ್ಲಿ ಎಂಟು ಹಡಗು ಸಾಕು. ಹೋಗುವಾಗ ಹತ್ತು ಹದಿನಾಲ್ಕು ದಿನ, ಬರುವಾಗ ಅಷ್ಟೇ ದಿನ ಹೆಚ್ಚಿದರೆ ಅದೇ ಸೇವೆಗೆ ಹನ್ನೊಂದೋ ಹನ್ನೆರಡೋ ಹಡಗು ಬೇಕು. ಅಷ್ಟು ಹಡಗುಗಳು ಕೂಡಲೇ ಸಿಗುವುದಿಲ್ಲವಾದ್ದರಿಂದ ಕೆಲವು ವಾರಗಳ ಸರದಿಯನ್ನೇ ಕಂಪನಿ ಕೈಬಿಡುತ್ತದೆ, ಮತ್ತು ಯುರೋಪಿನಿಂದ ಮರಳಬೇಕಾದ ಖಾಲಿ ಕಂಟೈನರುಗಳು ಸಮುದ್ರದ ಮೇಲೇ ಉಳಿಯುತ್ತವೆ. ನವ ಮಂಗಳೂರಿನಂಥ ಬಂದರಿಗೆ ಬೃಹತ್ ಕಂಟೈನರ್ ಹಡಗುಗಳು ಬರುವುದು ವಿರಳವಾದ್ದರಿಂದ, ಇಲ್ಲಿನ ಸರಕನ್ನು ಫೀಡರ್ ಎಂಬ ಸಣ್ಣ ಹಡಗುಗಳು ಕೊಲಂಬೊದಂಥ ಕಡೆಗೆ ಒಯ್ದು ದೊಡ್ಡ ಹಡಗಿಗೆ ದಾಟಿಸುತ್ತವೆ. 2024ರಲ್ಲಿ ಕೊಲಂಬೊದಲ್ಲೇ ದಟ್ಟಣೆ ಉಂಟಾದಾಗ, ಮೊದಲ ಹಡಗು ಸಮಯಕ್ಕೆ ಹೊರಟರೂ ಎರಡನೆಯದು ತಪ್ಪಿತು. ಕೆಂಪು ಸಮುದ್ರವನ್ನೇ ದಾಟುವೆನೆಂಬ ಹಡಗಿಗೂ ಸುಲಭವಿರಲಿಲ್ಲ: ಯುದ್ಧಾಪಾಯದ ವಿಮೆಯ ಕಂತು ಒಂದು ಪ್ರಯಾಣಕ್ಕೆ ಹಡಗಿನ ಬೆಲೆಯ ಶೇ 1ರ ಆಸುಪಾಸಿಗೆ ಏರಿತ್ತು, ಅಂದರೆ ಹತ್ತು ಕೋಟಿ ಡಾಲರಿನ ಹಡಗಿಗೆ ಹತ್ತು ಲಕ್ಷ ಡಾಲರು.

ಇಷ್ಟೆಲ್ಲ ಖರ್ಚನ್ನು ಯಾರು ಭರಿಸಬೇಕೆಂಬುದು ಒಪ್ಪಂದದ ಎರಡು ಪದಗಳ ಮೇಲೆ ನಿಂತಿದೆ. ಎಫ್‌ಒಬಿ ಪದ್ಧತಿಯಲ್ಲಿ ಸರಕನ್ನು ಹಡಗಿಗೆ ಏರಿಸುವಲ್ಲಿಗೆ ಮಾರಾಟಗಾರನ ಹೊಣೆ ಮುಗಿದು, ಮುಂದಿನ ಬಾಡಿಗೆ, ವಿಮೆಗಳೆರಡೂ ಕೊಳ್ಳುವವನ ಪಾಲಿಗೆ ಬರುತ್ತವೆ. ಸಿಐಎಫ್ ಪದ್ಧತಿಯಲ್ಲಿ ಆ ಎರಡನ್ನೂ ಮಾರಾಟಗಾರನೇ ಕೊಟ್ಟು, ಅದನ್ನು ಮೊದಲೇ ಬೆಲೆಯಲ್ಲಿ ಸೇರಿಸಿರುತ್ತಾನೆ. ಹಳೆಯ ಬಾಡಿಗೆ ದರ ಹಿಡಿದು ಸಿಐಎಫ್ ಬೆಲೆಗೆ ಮಾತು ಕೊಟ್ಟವರಿಗೆ ಆದ ನಷ್ಟ ನೇರವಾದದ್ದು. ಎಫ್‌ಒಬಿಯವರು ಪಾರಾದರೆಂಬ ಭಾವನೆ ಸಾಮಾನ್ಯವಾಗಿದ್ದರೂ ಅದು ಸರಿಯಲ್ಲ. ಹಡಗೇ ಬಾರದಿದ್ದರೆ ಸರಕು ಗೋದಾಮಿನಲ್ಲಿ ಕೊಳೆಯುತ್ತ ಬಿದ್ದಿರುತ್ತದೆ. ಸರಕು ಹಡಗೇರಿದ್ದಕ್ಕೆ ಸಾಕ್ಷಿಯಾದ ಬಿಲ್ ಆಫ್ ಲೇಡಿಂಗ್ ಎಂಬ ಪತ್ರ ಕೈಸೇರದೆ ಬ್ಯಾಂಕಿನಿಂದ ಹಣ ಹುಟ್ಟುವುದಿಲ್ಲ. ಸರಕು ಕೊಳ್ಳಲು ತಂದ ಪ್ಯಾಕಿಂಗ್ ಕ್ರೆಡಿಟ್ ಸಾಲದ ಮೇಲೆ ಬಡ್ಡಿ ಮಾತ್ರ ದಿನದಿನಕ್ಕೂ ಏರುತ್ತದೆ. ದೊಡ್ಡ ರಫ್ತುದಾರನು ಹಡಗು ಕಂಪನಿಯೊಂದಿಗೆ ವರ್ಷದ ದರಕ್ಕೆ ಮೊದಲೇ ಕರಾರು ಮಾಡಿಕೊಂಡಿರುತ್ತಾನೆ. ತಿಂಗಳಿಗೆ ಮೂರು ನಾಲ್ಕು ಕಂಟೈನರ್ ಕಳುಹಿಸುವ ಸಣ್ಣ ರಫ್ತುದಾರನು ಆ ವಾರದ ದರವನ್ನೇ ತೆರಬೇಕು, ಜಾಗ ಸಾಲದಾದಾಗ ಕಟ್ಟೆಯ ಮೇಲೆ ಉಳಿಯುವುದೂ ಮೊದಲು ಅವನ ಪೆಟ್ಟಿಗೆಯೇ. 2024ರಲ್ಲಿ ರೊಬಸ್ಟಾ ಬೆಲೆ ದಾಖಲೆಯ ಮಟ್ಟಕ್ಕೆ ಏರಿ ರಫ್ತಿನ ಒಟ್ಟು ಗಳಿಕೆ ಹಿಗ್ಗಿದ್ದರಿಂದ ಈ ಸಣ್ಣವರ ಪಾಡು ಅಂಕಿಅಂಶಗಳಲ್ಲಿ ಕಾಣದೆ ಹೋಯಿತು ಎಂಬುದು ನೋವಿನ ಸಂಗತಿ. ಬೆಲೆ ಏರಿದಂತೆ ಪ್ರತಿ ಕಂಟೈನರಿಗೆ ತೊಡಗಿಸಬೇಕಾದ ಬಂಡವಾಳವೂ ಏರಿತ್ತಲ್ಲದೆ, ಅದು ಸಮುದ್ರದಲ್ಲಿ ಸಿಕ್ಕಿಕೊಳ್ಳುವ ದಿನಗಳೂ ಹೆಚ್ಚಿದ್ದವು.

ಆಮದಿನ ಕಡೆಗೂ ಪೆಟ್ಟು ಬಿತ್ತು. ಕಪ್ಪು ಸಮುದ್ರದ ತೀರದಿಂದ ಬರುವ ಸೂರ್ಯಕಾಂತಿ ಎಣ್ಣೆಯ ಮಾಮೂಲಿ ದಾರಿಯೂ ಸೂಯೆಜ್ ಕಾಲುವೆಯೇ ಆಗಿತ್ತು. 2023ರ ಡಿಸೆಂಬರ್ 23ರಂದು ಗುಜರಾತಿನ ಕರಾವಳಿಯಿಂದ ದೂರದಲ್ಲಿ ಡ್ರೋನ್ ದಾಳಿಗೆ ತುತ್ತಾದ ‘ಕೆಮ್ ಪ್ಲೂಟೊ’ ಹಡಗಂತೂ ಸೌದಿ ಅರೇಬಿಯಾದಿಂದ ನವ ಮಂಗಳೂರಿಗೇ ಹೊರಟದ್ದು. ಅದರ ಸಿಬ್ಬಂದಿಯಲ್ಲಿ 21 ಮಂದಿ ಭಾರತೀಯರಿದ್ದರು. 2025ರ ಜನವರಿಯಲ್ಲಿ ಗಾಜಾದಲ್ಲಿ ಕದನವಿರಾಮವಾದ ನಂತರ ಹೂತಿಗಳ ದಾಳಿಗಳು ತಗ್ಗಿದರೂ, ಅದೇ ಜುಲೈನಲ್ಲಿ ‘ಮ್ಯಾಜಿಕ್ ಸೀಸ್’ ಮತ್ತು ‘ಎಟರ್ನಿಟಿ ಸಿ’ ಎಂಬ ಎರಡು ಹಡಗುಗಳು ಒಂದೇ ವಾರದಲ್ಲಿ ಮುಳುಗಿದವು.

ಕಾಫಿಗೆ ದಿನಗಳ ಲೆಕ್ಕ ಹಣದ ಲೆಕ್ಕವಷ್ಟೇ ಅಲ್ಲ. ಇಪ್ಪತ್ತು ಅಡಿಯ ಒಂದು ಕಂಟೈನರಿನಲ್ಲಿ 60 ಕೆ.ಜಿ.ಯ ಸುಮಾರು 320 ಗೋಣಿಚೀಲಗಳನ್ನು ಒಟ್ಟುತ್ತಾರೆ. ಶೇ 10ರಿಂದ 12ರಷ್ಟು ತೇವಾಂಶ ಉಳಿಸಿಕೊಂಡ ಆ ಬೀಜ ಪ್ರಯಾಣದುದ್ದಕ್ಕೂ ಸೂಕ್ಷ್ಮವಾಗಿ ಆವಿ ಬಿಡುತ್ತಿರುತ್ತದೆ. ಆಫ್ರಿಕಾ ಸುತ್ತುವ ಹಡಗು ಭೂಮಧ್ಯರೇಖೆಯನ್ನು ಎರಡು ಸಲ ದಾಟುತ್ತದೆ: ಸೆಖೆಯಿಂದ ದಕ್ಷಿಣದ ಚಳಿಗೆ, ಮತ್ತೆ ಸೆಖೆಗೆ, ಕೊನೆಗೆ ಯುರೋಪಿನ ತಂಪಿಗೆ. ಉಕ್ಕಿನ ಚಾವಣಿ ತಣ್ಣಗಾದಾಗಲೆಲ್ಲ ಒಳಗಿನ ಆವಿ ಹನಿಗಟ್ಟಿ ಮೇಲಿನ ಸಾಲಿನ ಚೀಲಗಳ ಮೇಲೆ ತೊಟ್ಟಿಕ್ಕುತ್ತದೆ, ಅಲ್ಲಿ ಬೂಷ್ಟು ಹಿಡಿಯುತ್ತದೆ. ಗೋಡೆಗೆ ಕ್ರಾಫ್ಟ್ ಕಾಗದ ಹೊದಿಸುವುದು, ತೇವ ಹೀರುವ ರಾಸಾಯನಿಕದ ಚೀಲಗಳನ್ನು ತೂಗುಹಾಕುವುದು ಇದಕ್ಕಾಗಿಯೇ. ಹಾಯಿಹಡಗುಗಳ ಕಾಲದಲ್ಲಿ ಮಂಗಳೂರಿನ ಬೀಜ ಇದೇ ಭೂಶಿರವನ್ನು ತಿಂಗಳುಗಟ್ಟಲೆ ಸುತ್ತುವಾಗ ಉಬ್ಬಿ ಬಿಳಿಚಿಕೊಂಡು ಬೇರೆಯೇ ರುಚಿ ಪಡೆಯುತ್ತಿತ್ತೆಂದೂ, 1869ರಲ್ಲಿ ಸೂಯೆಜ್ ತೆರೆದು ದಾರಿ ಮೊಟಕಾದ ಮೇಲೆ ಯುರೋಪಿನವರು ಆ ರುಚಿಯನ್ನೇ ಬಯಸಿದ್ದರಿಂದ ಕರಾವಳಿಯ ಗೋದಾಮುಗಳಲ್ಲಿ ಬೀಜವನ್ನು ಮಳೆಗಾಲದ ಗಾಳಿಗೆ ಹರವಿ ‘ಮಾನ್ಸೂನ್ಡ್ ಮಲಬಾರ್’ ಕಾಫಿಯನ್ನು ಸಿದ್ಧಪಡಿಸುವ ಪದ್ಧತಿ ಹುಟ್ಟಿತೆಂದೂ ಹೇಳಲಾಗುತ್ತದೆ. ಆ ಕಾಫಿಯನ್ನು ಇಂದಿಗೂ ಹದವರಿತ ಕೈಗಳು ಜೂನಿನಿಂದ ಸೆಪ್ಟೆಂಬರಿನವರೆಗೆ ಮತ್ತೆಮತ್ತೆ ಕೆದರಿ, ಚೀಲ ಬದಲಿಸಿ, ಕಾದು ಸಿದ್ಧಪಡಿಸುತ್ತವೆ; ಮುಚ್ಚಿದ ಕಂಟೈನರಿನಲ್ಲಿ ತನ್ನಷ್ಟಕ್ಕೆ ತೇವಗೊಂಡ ಬೀಜವನ್ನಾದರೆ ಟ್ರಿಯೆಸ್ಟೆಯ ಖರೀದಿದಾರನು ಮಾದರಿ ತೆಗೆದು ನೋಡಿ, ಒಂದೋ ಬೆಲೆ ಇಳಿಸುತ್ತಾನೆ, ಇಲ್ಲವೇ ತಿರಸ್ಕರಿಸುತ್ತಾನೆ.